ಬರುವವನನ್ನು ಎದುರುಗೊಳ್ಳುವುದು: ಕ್ರಿಸ್ತನ ‘ಎರಡನೆಯ ಬರೋಣ’ ಎಂದರೇನು?

2025ರ ಸೆಪ್ಟೆಂಬರ್ 23 ಇಲ್ಲವೇ 24ರಂದು ಯೇಸು ಕ್ರಿಸ್ತ ಬಂದು ತನ್ನವರನ್ನು ಮೇಲಕ್ಕೆ ಎತ್ತಿಕೊಳ್ಳುತ್ತಾನೆ ಎಂದು ದಕ್ಷಿಣ ಆಫ್ರಿಕಾದ ಒಬ್ಬರು ಹೇಳಿದ ವಿಡಿಯೊ ದೇಶದೇಶಗಳ ಫೋನುಗಳಲ್ಲಿ ಓಡಾಡಿತು. ಎರಡೂ ದಿನ ಎಂದಿನಂತೆ ಬೆಳಗಾಯಿತು, ಎಂದಿನಂತೆ ಕತ್ತಲಾಯಿತು. ನಂಬಿ ಕಾದವರು ಕುಗ್ಗಿದರು, ನಂಬದವರು ನಕ್ಕು ಮರೆತರು. ದೊಡ್ಡ ಯುದ್ಧ, ಭೂಕಂಪ, ಗ್ರಹಣ ಯಾವುದು ಸುದ್ದಿಯಾದರೂ ಇಂಥ ಮಾತು ಮತ್ತೆ ತಲೆ ಎತ್ತುತ್ತದೆ. ಕ್ರೈಸ್ತರಲ್ಲದವರಿಗೆ ಇದು ಪ್ರಳಯದ ಗಾಳಿಸುದ್ದಿಯ ಹಾಗೆ ಕಾಣುತ್ತದೆ. ಚರ್ಚಿಗೆ ತಪ್ಪದೆ ಹೋಗುವ ಎಷ್ಟೋ ಮಂದಿಗೂ ಇದರ ಹಿಂದುಮುಂದು ತಿಳಿದಿರುವುದಿಲ್ಲ.

ಆದರೂ ಕ್ರಿಸ್ತ ಮತ್ತೆ ಬರುತ್ತಾನೆ ಎಂಬುದು ಕ್ರೈಸ್ತ ನಂಬಿಕೆಯ ನಡುಮನೆಯ ಮಾತು. ಕ್ರಿ.ಶ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೆಸರಿನಲ್ಲಿ ಉಳಿದಿರುವ ವಿಶ್ವಾಸ ಪ್ರಮಾಣದಲ್ಲಿ ಅದು ಸ್ಪಷ್ಟವಾಗಿದೆ: ಬದುಕಿರುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಆತ ಮಹಿಮೆಯಿಂದ ತಿರುಗಿ ಬರುವನು, ಆತನ ರಾಜ್ಯಕ್ಕೆ ಅಂತ್ಯವಿಲ್ಲ. ಕಥೋಲಿಕರು, ಆರ್ಥೊಡಾಕ್ಸ್ ಸಭೆಗಳು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಬೇರೆ ಬೇರೆ ಪ್ರೊಟೆಸ್ಟೆಂಟ್ ಸಭೆಗಳು ನೂರು ವಿಷಯಗಳಲ್ಲಿ ಭಿನ್ನವಾಗಿದ್ದರೂ ಈ ಸಾಲಿನಲ್ಲಿ ಒಂದೇ. ಅವರು ನಿಜಕ್ಕೂ ಏನನ್ನು ಕಾಯುತ್ತಿದ್ದಾರೆ ಎಂಬುದನ್ನು ಬುಡದಿಂದ ನೋಡಬೇಕು.

## ಮೊದಲು ಪದಗಳು

‘ಬರೋಣ’ ಎಂದಾಗ ಇವತ್ತಿನ ಕಿವಿಗೆ ‘ನಾವೂ ಹೋಗಿ ಬರೋಣ’ ಎಂಬುದು ನೆನಪಾಗುತ್ತದೆ. ಬೈಬಲಿನ ಕನ್ನಡದಲ್ಲಿ ಅದು ಹೆಸರುಪದ: ಬರುವಿಕೆ, ಆಗಮನ. ಧಾತುವಿಗೆ ‘ಓಣ’ ಹಚ್ಚಿ ಭಾವನಾಮ ಮಾಡುವ ಹಳೆಯ ರೂಢಿ ಇದು. ಬೈಬಲ್ ಕನ್ನಡಕ್ಕೆ ಬಂದ 19ನೇ ಶತಮಾನದ ಗದ್ಯದ ಸೊಗಡು ಈ ಒಂದು ಪದದಲ್ಲಿ ಇನ್ನೂ ಉಳಿದಿದೆ. ಕಥೋಲಿಕರ ಬಾಯಲ್ಲಿ ‘ಪ್ರಭುವಿನ ಪುನರಾಗಮನ’ ಹೆಚ್ಚು ರೂಢಿ.

ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿ ಇದಕ್ಕೆ ಹೆಚ್ಚಾಗಿ ಬಳಸಿರುವ ಪದ ‘ಪರೂಸಿಯ’. ‘ಬಂದು ಜೊತೆಯಲ್ಲಿರುವುದು’ ಎಂದು ಅದರ ಅರ್ಥ. ರೋಮನ್ ಸಾಮ್ರಾಜ್ಯದಲ್ಲಿ ಚಕ್ರವರ್ತಿಯೋ ಅಧಿಪತಿಯೋ ಒಂದು ಪಟ್ಟಣಕ್ಕೆ ಬಿಜಯಂಗೈಯುವುದಕ್ಕೂ ಇದೇ ಮಾತು ಬಳಕೆಯಲ್ಲಿತ್ತು. ಲ್ಯಾಟಿನ್ನಿನಲ್ಲಿ ಅದಕ್ಕೆ ‘ಅಡ್ವೆಂಟಸ್’ ಎನ್ನುತ್ತಿದ್ದರು. ಕ್ರಿಸ್ಮಸ್ಸಿಗೆ ಮುಂಚಿನ ‘ಅಡ್ವೆಂಟ್’ ಕಾಲದ ಹೆಸರು ಬಂದದ್ದು ಅಲ್ಲಿಂದ. ‘ಎರಡನೆಯ ಬರೋಣ’ ಎಂಬ ಜೋಡಿಮಾತು ಮಾತ್ರ ಹೊಸ ಒಡಂಬಡಿಕೆಯಲ್ಲಿ ಹಾಗೆಯೇ ಸಿಗುವುದಿಲ್ಲ. ಅದಕ್ಕೆ ತೀರ ಹತ್ತಿರ ಬರುವುದು ಇಬ್ರಿಯರಿಗೆ ಬರೆದ ಪತ್ರದ 9:28. ಅಲ್ಲಿ ಕ್ರಿಸ್ತ ಎರಡನೆಯ ಸಲ ಕಾಣಿಸಿಕೊಳ್ಳುವನು ಎಂದಿದೆ.

ಇದಕ್ಕಿಂತ ಹಳೆಯ ಪದವೊಂದಿದೆ, ಯೇಸು ಆಡುತ್ತಿದ್ದ ಅರಮಾಯ ಭಾಷೆಯದೇ: ‘ಮಾರಾನಾಥಾ’. ಕೊರಿಂಥದವರಿಗೆ ಬರೆದ ಮೊದಲ ಪತ್ರವನ್ನು ಆದಿಕಾಲದ ಕ್ರೈಸ್ತ ಪ್ರಚಾರಕ ಪೌಲ ಗ್ರೀಕಿನಲ್ಲಿ ಬರೆಸುತ್ತ ಕೊನೆಯಲ್ಲಿ (16:22) ಈ ಪದವನ್ನು ಅನುವಾದಿಸದೆ ಹಾಗೇ ಇಟ್ಟಿದ್ದಾನೆ. ಅಂದರೆ ಗ್ರೀಕ್ ಮಾತಾಡುವ ಸಭೆಗೂ ಅದು ಪ್ರಾರ್ಥನೆಯ ಪದವಾಗಿ ಬಾಯಿಪಾಠವಾಗಿತ್ತು. ಹಳೆಯ ಹಸ್ತಪ್ರತಿಗಳಲ್ಲಿ ಪದಗಳ ನಡುವೆ ಜಾಗ ಬಿಡುವ ಪದ್ಧತಿ ಇರಲಿಲ್ಲ. ಹಳಗನ್ನಡ ಪದ್ಯಕ್ಕೆ ಪದಚ್ಛೇದ ಮಾಡುವವರಿಗೆ ಈ ಕಷ್ಟ ಗೊತ್ತು. ‘ಮಾರನ್ ಅಥಾ’ ಎಂದು ಬಿಡಿಸಿದರೆ ‘ನಮ್ಮ ಕರ್ತನು ಬಂದಿದ್ದಾನೆ’. ‘ಮಾರಾನಾ ಥಾ’ ಎಂದು ಬಿಡಿಸಿದರೆ ‘ನಮ್ಮ ಕರ್ತನೇ, ಬಾ’. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಗೆ (22:20) ಇದೇ ಕರೆ ಗ್ರೀಕಿನಲ್ಲಿ ‘ಬಾ’ ಎಂದೇ ಬಂದಿರುವುದರಿಂದ ಹೆಚ್ಚಿನ ವಿದ್ವಾಂಸರು ಎರಡನೆಯ ಬಿಡಿಕೆಯನ್ನು ಒಪ್ಪುತ್ತಾರೆ. ಆದರೆ ಬಂದಿದ್ದಾನೆ, ಬರಬೇಕಾಗಿದೆ ಎಂಬ ಎರಡೂ ಅರ್ಥ ಒಂದೇ ಉಸಿರಿನಲ್ಲಿ ಅಡಗಿರುವುದು ಈ ನಂಬಿಕೆಗೆ ತಕ್ಕದ್ದಾಗಿಯೇ ಇದೆ.

ಇನ್ನು ‘ನಿರೀಕ್ಷೆ’. ಮಳೆ ಬಂದರೆ ಚೆನ್ನಾಗಿತ್ತು ಎನ್ನುವುದು ಆಸೆ. ಬಸ್ಸು ಹತ್ತಿದ್ದೇನೆ ಎಂದು ಮಗಳು ಫೋನು ಮಾಡಿದ ಮೇಲೆ ಅಮ್ಮ ಅನ್ನಕ್ಕೆ ಅರ್ಧ ಪಾವು ಅಕ್ಕಿ ಹೆಚ್ಚು ಹಾಕುತ್ತಾಳಲ್ಲ, ಅದು ನಿರೀಕ್ಷೆ. ಮಗಳು ಇನ್ನೂ ಬಾಗಿಲಿಗೆ ಬಂದಿಲ್ಲ, ಆದರೆ ಅಡುಗೆಮನೆಯಲ್ಲಿ ಅಳತೆ ಆಗಲೇ ಬದಲಾಗಿದೆ. ಬೈಬಲ್ ನಿರೀಕ್ಷೆ ಎನ್ನುವುದು ಈ ಎರಡನೆಯದನ್ನು.

## ಥೆಸಲೊನೀಕದವರ ಪ್ರಶ್ನೆ

ಈ ನಿರೀಕ್ಷೆಯ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ವಿವರಣೆ ಒಂದು ಸಾವಿನ ಮನೆಗೆ ಬರೆದ ಉತ್ತರ. ಪೌಲ ಮಕೆದೋನ್ಯದ ಥೆಸಲೊನೀಕದಲ್ಲಿ (ಇಂದಿನ ಗ್ರೀಸಿನ ಥೆಸಲೊನಿಕಿ) ಸ್ವಲ್ಪ ಕಾಲವಷ್ಟೇ ಇದ್ದು, ಗಲಭೆಯಾದ್ದರಿಂದ ರಾತ್ರೋರಾತ್ರಿ ಊರು ಬಿಡಬೇಕಾಯಿತು. ಆಮೇಲೆ ಅವನ ಜೊತೆಗಾರ ತಿಮೊಥೆಯ ಅಲ್ಲಿಗೆ ಹೋಗಿ ಬಂದು ಸುದ್ದಿ ತಂದ. ಸಭೆ ಗಟ್ಟಿಯಾಗಿದೆ, ಆದರೆ ಅವರಲ್ಲಿ ಕೆಲವರು ತೀರಿಕೊಂಡಿದ್ದಾರೆ. ಯೇಸು ಬೇಗ ಬರುತ್ತಾನೆ ಎಂದು ಕಾಯುತ್ತಿದ್ದವರಿಗೆ ಈಗ ದಿಗಿಲು. ಸತ್ತವರು ಆ ದಿನವನ್ನು ಕಾಣದೇ ಹೋದರೇ? ಅವರಿಗೆ ತಪ್ಪಿಹೋಯಿತೇ?

ಪೌಲ ಕೊರಿಂಥದಿಂದ ಬರೆದ ಉತ್ತರವೇ ಥೆಸಲೊನೀಕದವರಿಗೆ ಬರೆದ ಮೊದಲ ಪತ್ರ. ಅದರ ಕಾಲ ಸುಮಾರು ಕ್ರಿ.ಶ. 50–51. ಗಲ್ಲಿಯೋ ಎಂಬ ಅಧಿಪತಿಯ ಹೆಸರಿರುವ ಡೆಲ್ಫಿಯ ಶಾಸನದಿಂದ ಪೌಲ ಕೊರಿಂಥದಲ್ಲಿದ್ದ ಕಾಲವನ್ನು ಸಾಕಷ್ಟು ಖಚಿತವಾಗಿ ಹೇಳಬಹುದು. ನಾಲ್ಕನೆಯ ಅಧ್ಯಾಯದ 13ರಿಂದ 18ನೇ ವಚನಗಳಲ್ಲಿ ಅವನು ಒಂದು ಕ್ರಮ ಹೇಳುತ್ತಾನೆ. ಕರ್ತನು ಆಕಾಶದಿಂದ ಇಳಿದು ಬರುತ್ತಾನೆ. ಆಜ್ಞಾಘೋಷ, ಪ್ರಧಾನದೂತನ ಶಬ್ದ, ತುತೂರಿ ಕೇಳಿಸುತ್ತದೆ. ಕ್ರಿಸ್ತನಲ್ಲಿ ಸತ್ತವರು ಮೊದಲು ಎದ್ದು ಬರುತ್ತಾರೆ. ಆಮೇಲೆ ಬದುಕಿರುವವರು ಅವರ ಜೊತೆಗೇ ಮೇಘಗಳಲ್ಲಿ ಎತ್ತಲ್ಪಟ್ಟು ಕರ್ತನನ್ನು ಎದುರುಗೊಳ್ಳುತ್ತಾರೆ. ಅಲ್ಲಿಂದ ಮುಂದೆ ಎಂದಿಗೂ ಆತನೊಂದಿಗೆ.

‘ಮೊದಲು’ ಎಂಬ ಪದದ ಮೇಲೆ ಗಮನ ಇಡಬೇಕು. ಅವರ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಸತ್ತವರು ತಪ್ಪಿಸಿಕೊಳ್ಳುವುದಿರಲಿ, ಅವರದೇ ಮುಂದಿನ ಸಾಲು. ಈ ಭಾಗವನ್ನು ಮುಂದಿನ ಕಾಲದ ವೇಳಾಪಟ್ಟಿ ಎಂದು ಓದುವವರು ಬಹಳ. ಬರೆದವನು ಅದನ್ನು ಬರೆದದ್ದು ಅಳುತ್ತಿರುವವರಿಗಾಗಿ. ಅದು ಮರೆತರೆ ಉಳಿದದ್ದೆಲ್ಲ ಓರೆಯಾಗುತ್ತದೆ.

## ಎದುರುಗೊಳ್ಳುವುದು ಎಂದರೆ ಯಾವ ಕಡೆಗೆ?

ಇಡೀ ಚರ್ಚೆಯ ಕೀಲಿ ಒಂದು ಗ್ರೀಕ್ ಪದದಲ್ಲಿದೆ: ‘ಅಪಾಂತೇಸಿಸ್’. ಕನ್ನಡದ ‘ಎದುರುಗೊಳ್ಳು’ ಅದಕ್ಕೆ ಹೇಳಿ ಮಾಡಿಸಿದ ಪದ. ನಮ್ಮ ಮದುವೆಗಳಲ್ಲಿ ಗಂಡಿನ ಕಡೆಯ ದಿಬ್ಬಣ ಬಂತೆಂದು ಗೊತ್ತಾದ ಕೂಡಲೇ ಹೆಣ್ಣಿನ ಕಡೆಯವರು ಕಳಶ, ಆರತಿ, ವಾದ್ಯದೊಂದಿಗೆ ಊರಬಾಗಿಲಿಗೋ ಚಪ್ಪರದ ಬಾಗಿಲಿಗೋ ಹೋಗಿ ಎದುರುಗೊಳ್ಳುತ್ತಾರೆ. ಎದುರುಗೊಂಡವರು ದಿಬ್ಬಣ ಹತ್ತಿ ಗಂಡಿನ ಊರಿಗೆ ಹೊರಟುಬಿಡುವುದಿಲ್ಲ. ಬಂದವರನ್ನು ಕರೆದುಕೊಂಡು ಒಳಕ್ಕೆ ಬರುತ್ತಾರೆ.

ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಮೂರು ಸಂದರ್ಭಗಳಲ್ಲಿ. ಒಂದು ಈ ಪತ್ರ. ಇನ್ನೊಂದು ಯೇಸು ಹೇಳಿದ ಹತ್ತು ಮಂದಿ ಕನ್ಯೆಯರ ಸಾಮ್ಯದಲ್ಲಿ, ಅಂದರೆ ದೃಷ್ಟಾಂತಕಥೆಯಲ್ಲಿ (ಮತ್ತಾಯ 25:6), ನಡುರಾತ್ರಿ ಮದುಮಗನನ್ನು ಎದುರುಗೊಳ್ಳಲು ಹೊರಡಿ ಎಂದು ಕೂಗು ಕೇಳಿಸುವಾಗ. ಸಿದ್ಧವಿದ್ದವರು ಅವನೊಂದಿಗೆ ಮದುವೆಮನೆಯ ಒಳಗೆ ಹೋಗುತ್ತಾರೆ. ಮೂರನೆಯದು ಪೌಲ ಕೈದಿಯಾಗಿ ರೋಮಿಗೆ ಹೋಗುವಾಗ (ಅಪೊಸ್ತಲರ ಕೃತ್ಯಗಳು 28:15). ರೋಮಿನ ಕ್ರೈಸ್ತರು ಸುಮಾರು 65 ಕಿಲೋಮೀಟರ್ ದೂರದ ಅಪ್ಪಿಯ ಪೇಟೆಯವರೆಗೆ ಬಂದು ಅವನನ್ನು ಎದುರುಗೊಂಡರು. ಆಮೇಲೆ ಎಲ್ಲರೂ ಹೋದದ್ದು ರೋಮಿಗೆ.

ಹೀಗಾಗಿ ಇಂದಿನ ಅನೇಕ ವಿದ್ವಾಂಸರ ಓದು ಇದು: ವಿಶ್ವಾಸಿಗಳು ಮೇಲೇರುವುದು ಬರುತ್ತಿರುವ ಅರಸನನ್ನು ಎದುರುಗೊಂಡು ಭೂಮಿಗೆ ಕರೆತರಲು. ಇದಕ್ಕೆ ಬೇರೆ ಓದೂ ಉಂಟು. ಎದುರುಗೊಂಡ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ಪೌಲ ಬಿಡಿಸಿ ಹೇಳಿಲ್ಲ. ಯೋಹಾನ 14:3ರಲ್ಲಿ ಯೇಸು ‘ನಾನಿರುವಲ್ಲಿಗೆ ಕರೆದುಕೊಂಡು ಹೋಗುತ್ತೇನೆ’ ಎಂಬ ಅರ್ಥದಲ್ಲಿ ಮಾತು ಕೊಟ್ಟಿದ್ದಾನೆ. ಆದ್ದರಿಂದ ಪಯಣ ಪರಲೋಕಕ್ಕೇ ಎನ್ನುತ್ತಾರೆ.

ಈ ಎರಡನೆಯ ಓದಿನಿಂದ ಬೆಳೆದದ್ದು ‘ರ್‍ಯಾಪ್ಚರ್’ ಎಂಬ ಬೋಧನೆ. ‘ಎತ್ತಲ್ಪಡುವೆವು’ ಎಂಬಲ್ಲಿ ಲ್ಯಾಟಿನ್ ಬೈಬಲಿನಲ್ಲಿರುವ ‘ರಾಪಿಯೆಮುರ್’ ಎಂಬ ಕ್ರಿಯಾಪದದಿಂದ ಆ ಹೆಸರು. ಎತ್ತಲ್ಪಡುವುದು ಬೈಬಲಿನಲ್ಲೇ ಇದೆ, ಅದರಲ್ಲಿ ತಕರಾರಿಲ್ಲ. ಆದರೆ ಮೊದಲು ಗುಟ್ಟಾಗಿ ಬಂದು ಸಭೆಯನ್ನು ಎತ್ತಿಕೊಳ್ಳುವುದು, ಆಮೇಲೆ ಏಳು ವರ್ಷದ ಮಹಾಸಂಕಟ, ಆಮೇಲೆ ಬಹಿರಂಗ ಬರೋಣ ಎಂದು ಎರಡು ಹಂತ ಮಾಡಿದ ವ್ಯವಸ್ಥೆ 19ನೇ ಶತಮಾನದ್ದು. ಅದನ್ನು ಬೆಳೆಸಿ ಹರಡಿದವರಲ್ಲಿ ಮುಖ್ಯರು ಬ್ರೆದರನ್ ಸಭೆಗಳ ನಾಯಕ ಜಾನ್ ನೆಲ್ಸನ್ ಡಾರ್ಬಿ (1800–1882). 1909ರಲ್ಲಿ ಬಂದ ಸ್ಕೋಫೀಲ್ಡ್ ಟಿಪ್ಪಣಿಯ ಬೈಬಲ್ ಅದನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತು. ಬ್ರೆದರನ್ ಮತ್ತು ಪೆಂತೆಕೊಸ್ತ್ ಸಭೆಗಳ ಮೂಲಕ ಅದು ನಮ್ಮ ಕಡೆಯ ಪ್ರಸಂಗಗಳಲ್ಲೂ ನೆಲೆಸಿದೆ. ಕಥೋಲಿಕ, ಆರ್ಥೊಡಾಕ್ಸ್, ಲುಥೆರನ್ ಸಭೆಗಳು ಈ ಎರಡು ಹಂತದ ಬೋಧನೆಯನ್ನು ಒಪ್ಪುವುದಿಲ್ಲ. ಸೆಪ್ಟೆಂಬರ್ ವಿಡಿಯೊ ನಿಂತಿದ್ದದ್ದು ಈ ಬೋಧನೆಯ ಮೇಲೆ.

## ಸಂಚಕಾರ ಆಗಿದೆ, ಕ್ರಯಪತ್ರ ಆಗಬೇಕಿದೆ

ಬರಬೇಕಾದವನು ಮೊದಲೇ ಒಮ್ಮೆ ಬಂದಾಗಿದ್ದರೆ, ಇನ್ನೇನು ಬಾಕಿ? ಇದು ಯಾರಿಗಾದರೂ ಹುಟ್ಟುವ ಪ್ರಶ್ನೆ. ಅದಕ್ಕೆ ಪೌಲ ಹಿಡಿದುಕೊಂಡ ಪದ ವ್ಯಾಪಾರದ್ದು: ‘ಅರ್ರಬೋನ್’. ಕನ್ನಡ ಬೈಬಲಿನಲ್ಲಿ ಅದು ‘ಸಂಚಕಾರ’ (2 ಕೊರಿಂಥ 1:22). ಜಮೀನು ಕೊಳ್ಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಲೆ ಕುದುರಿ ಸಂಚಕಾರ ಕೊಟ್ಟ ಮೇಲೆ ಮಾತು ಗಟ್ಟಿ. ಪೂರ್ತಿ ಹಣ ಸಂದು ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ ಆಗುವವರೆಗೆ ಜಮೀನು ಕೈಗೆ ಬಂದಿರುವುದಿಲ್ಲ. ಆದರೆ ಸಂಚಕಾರದ ಹಣ ಸುಳ್ಳಲ್ಲ. ಮುಂದೆ ಸಲ್ಲುವ ಮೊತ್ತದ್ದೇ ಒಂದು ಭಾಗ ಅದು. ಪವಿತ್ರಾತ್ಮನು ಈಗ ವಿಶ್ವಾಸಿಗಳಲ್ಲಿ ಇರುವುದು ಬರಲಿರುವ ಪೂರ್ಣತೆಯ ಸಂಚಕಾರ ಎಂದು ಪೌಲನ ಮಾತು. ಇಂದಿನ ಗ್ರೀಕಿನಲ್ಲಿ ಇದೇ ಪದ ಮದುವೆಯ ನಿಶ್ಚಿತಾರ್ಥಕ್ಕೆ ಬಳಕೆಯಲ್ಲಿದೆ ಎಂಬುದೂ ಚೆಂದ.

ಪುನರುತ್ಥಾನಕ್ಕೆ ಅವನು ಕೊಡುವ ಹೋಲಿಕೆ ಹೊಲದ್ದು. ಸತ್ತು ಎದ್ದ ಕ್ರಿಸ್ತ ‘ಪ್ರಥಮಫಲ’ (1 ಕೊರಿಂಥ 15:20), ಅಂದರೆ ಸುಗ್ಗಿಯ ಮೊದಲ ತೆನೆ. ಮೊದಲ ತೆನೆ ಮನೆಗೆ ಬಂತೆಂದರೆ ಉಳಿದ ಪೈರು ಹೊಲದಲ್ಲಿ ಬಲಿಯುತ್ತಿದೆ ಎಂದೇ ಅರ್ಥ. ಬರೋಣದ ನಿರೀಕ್ಷೆ ಹೀಗೆ ಹಿಂದೆ ನಡೆದ ಒಂದು ಘಟನೆಗೆ ಗೂಟ ಹೊಡೆದು ಕಟ್ಟಿದ ಹಗ್ಗ. ಪುನರುತ್ಥಾನ ನಡೆಯದೇ ಇದ್ದರೆ ಈ ನಿರೀಕ್ಷೆಗೂ ಆಧಾರವಿಲ್ಲ, ನಮ್ಮ ನಂಬಿಕೆ ವ್ಯರ್ಥ ಎಂದು ಪೌಲನೇ ಮುಲಾಜಿಲ್ಲದೆ ಒಪ್ಪಿಕೊಳ್ಳುತ್ತಾನೆ.

## ಬಂದಾಗ ಏನಾಗುತ್ತದೆ?

ಮೂರು ಸಂಗತಿ, ಎಲ್ಲ ಪ್ರಮುಖ ಸಭೆಗಳೂ ಒಪ್ಪುವಂಥವು.

ಸತ್ತವರು ಶರೀರ ಸಹಿತ ಎದ್ದು ಬರುತ್ತಾರೆ. ಸತ್ತ ಮೇಲೆ ಆತ್ಮ ಸ್ವರ್ಗಕ್ಕೆ ಹೋಗುವುದಷ್ಟೇ ಕ್ರೈಸ್ತ ನಿರೀಕ್ಷೆ ಎಂದು ಕ್ರೈಸ್ತರಲ್ಲೇ ಬಹಳ ಮಂದಿ ಅಂದುಕೊಂಡಿದ್ದಾರೆ. ಅದು ದಾರಿಯ ನಡುವಿನ ತಂಗುದಾಣ. ಕೊನೆಯ ಊರು ಪುನರುತ್ಥಾನ. ಬಿತ್ತಿದ ಕಾಳಿಗೂ ಮೇಲೆದ್ದ ಪೈರಿಗೂ ಇರುವ ಸಂಬಂಧವೇ ಈ ಶರೀರಕ್ಕೂ ಆ ಶರೀರಕ್ಕೂ ಎಂದು 1 ಕೊರಿಂಥ 15 ಹೇಳುತ್ತದೆ: ಅದೇ, ಆದರೆ ಗುರುತು ಸಿಗದಷ್ಟು ಬೆಳೆದದ್ದು.

ಎರಡನೆಯದು ನ್ಯಾಯತೀರ್ಪು. ಇದು ಹೆದರಿಸುವ ಮಾತಾಗಿಯೇ ಹೆಚ್ಚು ಬಳಕೆಯಾಗಿದೆ. ಅನ್ಯಾಯಕ್ಕೆ ಗುರಿಯಾದವನ ಕಡೆಯಿಂದ ನೋಡಿದರೆ ಬೇರೆಯೇ ಕಾಣುತ್ತದೆ. ದಾಯಾದಿಗಳು ಒತ್ತುವರಿ ಮಾಡಿದ ಎರಡು ಎಕರೆಗಾಗಿ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದವನು ತೀರ್ಪಿನ ದಿನವನ್ನು ಎದೆಯಲ್ಲಿ ಆಸೆ ಹೊತ್ತು ಕಾಯುತ್ತಾನೆ. 98ನೇ ಕೀರ್ತನೆಯಲ್ಲಿ ದೇವರು ನ್ಯಾಯತೀರಿಸಲು ಬರುತ್ತಾನೆಂದು ನದಿಗಳು ಚಪ್ಪಾಳೆ ತಟ್ಟುತ್ತವೆ, ಬೆಟ್ಟಗಳು ಉತ್ಸಾಹಧ್ವನಿ ಮಾಡುತ್ತವೆ. ತೀರ್ಪು ಕೊಡುವವನು ತಾನೇ ಅನ್ಯಾಯದ ತೀರ್ಪಿಗೆ ಗುರಿಯಾಗಿ ಶಿಲುಬೆಗೇರಿದವನು ಎಂಬುದು ಕ್ರೈಸ್ತರಿಗೆ ಇಲ್ಲಿನ ದೊಡ್ಡ ನೆಮ್ಮದಿ.

ಮೂರನೆಯದು ಹೊಸ ಸೃಷ್ಟಿ. ಪ್ರಕಟನೆ 21ರಲ್ಲಿ ಮನುಷ್ಯರು ಮೇಲಕ್ಕೆ ಹೋಗುವುದಿಲ್ಲ. ಪರಿಶುದ್ಧ ಪಟ್ಟಣ ಕೆಳಗಿಳಿದು ಬರುತ್ತದೆ, ದೇವರು ಮನುಷ್ಯರೊಡನೆ ವಾಸ ಮಾಡುತ್ತಾನೆ, ಕಣ್ಣೀರೆಲ್ಲ ಒರಸುತ್ತಾನೆ. ಮುಂದಿನ ಅಧ್ಯಾಯದಲ್ಲಿ ಜೀವವೃಕ್ಷದ ಎಲೆಗಳು ಜನಾಂಗಗಳನ್ನು ವಾಸಿಮಾಡುತ್ತವೆ. ದಿಬ್ಬಣದ ದಿಕ್ಕು ಇಲ್ಲಿಯೂ ಕೆಳಮುಖವೇ.

ಇದು ಕಲ್ಕಿಯ ಕಥೆಯ ಹಾಗೆಯೇ ಅಲ್ಲವೇ ಎಂದು ಕನ್ನಡದ ಓದುಗರು ಕೇಳುವುದು ಸಹಜ. ಕೆಟ್ಟದ್ದು ಅಳಿದು ಧರ್ಮ ನೆಲೆಗೊಳ್ಳುವುದು ಎರಡರಲ್ಲೂ ಇದೆ. ಕಾಲದ ನಡೆ ಮಾತ್ರ ಬೇರೆ. ಕಲ್ಕಿಯ ನಂತರ ಕಲಿಯುಗ ಮುಗಿದು ಕೃತಯುಗ ಮತ್ತೆ ಶುರುವಾಗುತ್ತದೆ, ಚಕ್ರ ತಿರುಗುತ್ತದೆ. ಬೈಬಲಿನಲ್ಲಿ ಕಾಲ ಒಂದೇ ಸಲ ಹರಿಯುವ ಹೊಳೆ. ಬರುವವನೂ ಹೊಸ ಅವತಾರ ಎತ್ತಿ ಬರುವುದಿಲ್ಲ. ಎಣ್ಣೆಮರಗಳ ಗುಡ್ಡದಿಂದ ಮೇಲಕ್ಕೆ ಹೋದ ‘ಈ ಯೇಸುವೇ’ ಹಾಗೆಯೇ ಬರುವನೆಂದು ಅಪೊಸ್ತಲರ ಕೃತ್ಯಗಳು 1:11 ಒತ್ತಿ ಹೇಳುತ್ತದೆ. ಮುಸ್ಲಿಮರೂ ಈಸಾ ಮರಳಿ ಬರುವರೆಂದು ನಂಬುತ್ತಾರೆ, ಆದರೆ ಪ್ರವಾದಿಯಾಗಿ.

## ಸಾವಿರ ವರ್ಷದ ಲೆಕ್ಕ

ಪ್ರಕಟನೆಯ 20ನೇ ಅಧ್ಯಾಯದಲ್ಲಿ ‘ಸಾವಿರ ವರ್ಷ’ ಎಂಬುದು ಆರು ಸಲ ಬರುತ್ತದೆ. ಕ್ರಿಸ್ತ ಬಂದ ಮೇಲೆ ಭೂಮಿಯಲ್ಲಿ ಸಾವಿರ ವರ್ಷ ಆಳುತ್ತಾನೆ ಎಂದು ಎರಡನೇ ಶತಮಾನದ ಕ್ರೈಸ್ತ ಬರಹಗಾರರಾದ ಜಸ್ಟಿನ್, ಐರೇನಿಯಸ್ ನಂಬಿದ್ದರು. ಇಂದಿನ ಬಹುತೇಕ ಪೆಂತೆಕೊಸ್ತರೂ ಹಾಗೇ. ಐದನೇ ಶತಮಾನದಲ್ಲಿ ಅಗಸ್ಟೀನ್ ಅದನ್ನು ಸಾಂಕೇತಿಕ ಸಂಖ್ಯೆಯಾಗಿ ಓದಿದ: ಕ್ರಿಸ್ತನ ಮೊದಲ ಬರೋಣದಿಂದ ಎರಡನೆಯದರವರೆಗಿನ ಸಭೆಯ ಕಾಲವೇ ಅದು. ಕಥೋಲಿಕರೂ ಲುಥೆರನ್ನರೂ ಹೆಚ್ಚು ಕಡಿಮೆ ಈ ದಾರಿಯವರು. ಸುವಾರ್ತೆ ಹರಡಿ ಲೋಕ ಮೊದಲು ಸುಧಾರಿಸುತ್ತದೆ, ಆಮೇಲೆ ಕ್ರಿಸ್ತ ಬರುತ್ತಾನೆ ಎಂಬ ಮೂರನೆಯ ಓದು 18–19ನೇ ಶತಮಾನದ ಇಂಗ್ಲಿಷ್, ಅಮೆರಿಕನ್ ಪ್ರೊಟೆಸ್ಟೆಂಟರಲ್ಲಿ ಬಲವಾಗಿತ್ತು. ವಿಶ್ವಾಸ ಪ್ರಮಾಣದಲ್ಲಿ ಸಾವಿರ ವರ್ಷದ ಮಾತೇ ಇಲ್ಲ. ಇದರ ಮೇಲೆ ಸಭೆ ಒಡೆಯಬೇಕಾಗಿಲ್ಲ.

## ಗುರುತುಗಳು: ಬೇನೆ ಶುರುವಾದ ಹಾಗೆ

ಯುದ್ಧವಾದಾಗಲೆಲ್ಲ ಎತ್ತಿ ತೋರಿಸುವ ಭಾಗ ಮಾರ್ಕ 13. ಅದನ್ನು ಪೂರ್ತಿ ಓದಿದವರು ಕಡಿಮೆ. ಅಲ್ಲಿ ಶಿಷ್ಯರು ಕೇಳಿದ್ದು ಯೆರೂಸಲೇಮಿನ ದೇವಾಲಯ ಯಾವಾಗ ಬೀಳುತ್ತದೆ ಎಂದು, ಅದು ಕ್ರಿ.ಶ. 70ರಲ್ಲಿ ತೀತನ ರೋಮನ್ ಸೈನ್ಯದ ಕೈಯಲ್ಲಿ ಬಿದ್ದಿತು. ಹಾಗಾಗಿ ಆ ಅಧ್ಯಾಯದ ಯಾವ ಮಾತು ದೇವಾಲಯಕ್ಕೆ, ಯಾವುದು ಕೊನೆಯ ದಿನಕ್ಕೆ ಎಂದು ಬೇರ್ಪಡಿಸುವುದು ವಿದ್ವಾಂಸರಿಗೂ ಕಷ್ಟ. ‘ಇದೆಲ್ಲ ಆಗುವ ತನಕ ಈ ಸಂತತಿ ಅಳಿದುಹೋಗುವುದಿಲ್ಲ’ ಎಂಬ 30ನೇ ವಚನ ಎಲ್ಲಕ್ಕಿಂತ ಗಟ್ಟಿ ಗಂಟು. ಅದು ದೇವಾಲಯದ ಪತನಕ್ಕೆ ಸಂಬಂಧಿಸಿದ್ದು ಎನ್ನುವವರು ಬಹಳ.

ಆದರೆ ಒಂದು ವಿಷಯ ಸ್ಪಷ್ಟ. ಯುದ್ಧಗಳ ಸುದ್ದಿ ಕೇಳಿದಾಗ ಕಳವಳಪಡಬೇಡಿ, ಇದು ಇನ್ನೂ ಅಂತ್ಯವಲ್ಲ ಎಂದೇ ಯೇಸು ಅಲ್ಲಿ ಹೇಳುವುದು. ಯುದ್ಧ, ಬರ, ಭೂಕಂಪಗಳನ್ನು ಆತ ‘ಪ್ರಸವವೇದನೆಯ ಪ್ರಾರಂಭ’ ಎನ್ನುತ್ತಾನೆ. ದಿನ ತುಂಬಿದ ಬಸುರಿಗೆ ಬೇನೆ ಬರುವುದು ಖಂಡಿತ. ಮೊದಲ ಬೇನೆಗೇ ಗಂಟೆ, ನಿಮಿಷ ಹೇಳುವ ಸೂಲಗಿತ್ತಿ ಇಲ್ಲ. ನೋವು ಅರ್ಥವಿಲ್ಲದ್ದಲ್ಲ, ಹುಟ್ಟಿನ ಕಡೆಗೆ ಹೋಗುತ್ತಿದೆ ಎಂಬುದು ಈ ಹೋಲಿಕೆಯಿಂದ ತಿಳಿಯಬೇಕಾದದ್ದು.

ಅಧ್ಯಾಯ ಮುಗಿಯುವುದು ಬಾಗಿಲು ಕಾಯುವವನಿಂದ. ಯಜಮಾನ ಸಂಜೆ ಬರುತ್ತಾನೋ, ಸರಿರಾತ್ರಿಯೋ, ಕೋಳಿ ಕೂಗುವಾಗಲೋ, ಮುಂಜಾನೆಯೋ ಗೊತ್ತಿಲ್ಲ. ಇವು ರೋಮನ್ನರು ಇರುಳನ್ನು ಹಂಚಿದ ನಾಲ್ಕು ಜಾವಗಳು, ಸುಮಾರು ಮೂರು ಮೂರು ಗಂಟೆಯವು. ನಾಲ್ಕನ್ನೂ ಹೆಸರಿಸಿದ್ದರಿಂದ ತೂಕಡಿಸಲು ಒಂದೂ ಉಳಿಯಲಿಲ್ಲ.

## 2300ರಲ್ಲಿ 457 ಕಳೆದರೆ

ತಾರೀಖು ಹೇಳುವವರ ಲೆಕ್ಕ ಹೇಗಿರುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಹತ್ತಿರದಿಂದ ನೋಡಲು ವಿಲಿಯಂ ಮಿಲ್ಲರ್ (1782–1849) ಒಳ್ಳೆಯ ಉದಾಹರಣೆ. ಅವರು ನ್ಯೂಯಾರ್ಕ್ ರಾಜ್ಯದ ರೈತ, ಬೈಬಲನ್ನು ಶ್ರದ್ಧೆಯಿಂದ ಓದಿದವರು. ದಾನಿಯೇಲ 8:14ರಲ್ಲಿ ‘2300 ಸಂಜೆ-ಮುಂಜಾನೆ’ಗಳಾದ ಮೇಲೆ ಪವಿತ್ರಾಲಯ ಶುದ್ಧವಾಗುತ್ತದೆ ಎಂದಿದೆ. ಮಿಲ್ಲರ್ ಹಾಕಿದ ಮೊದಲ ಹೆಜ್ಜೆ, ಒಂದು ದಿನವೆಂದರೆ ಒಂದು ವರ್ಷ. ಎರಡನೆಯದು, ಪವಿತ್ರಾಲಯವೆಂದರೆ ಭೂಮಿ, ಶುದ್ಧಿಯೆಂದರೆ ಕ್ರಿಸ್ತನ ಬರೋಣ. ಮೂರನೆಯದು, ಎಣಿಕೆ ಶುರುವಾಗುವುದು ಕ್ರಿ.ಪೂ. 457ರಿಂದ, ಪಾರಸಿಯ ಅರಸ ಅರ್ತಷಸ್ತನ ಏಳನೇ ವರ್ಷದ ಆಜ್ಞೆಯಿಂದ. 2300ರಲ್ಲಿ 457 ಹೋದರೆ 1843. ಆಮೇಲೆ ತಿಳಿಯಿತು, ಕ್ರಿ.ಪೂ. 1ರ ಮರುವರ್ಷವೇ ಕ್ರಿ.ಶ. 1, ಸೊನ್ನೆ ಎಂಬ ವರ್ಷ ಇಲ್ಲ. ಒಂದು ಕೂಡಿಸಬೇಕು: 1844. ಕೊನೆಗೆ ಅವರ ಅನುಯಾಯಿ ಸ್ಯಾಮ್ಯುಯೆಲ್ ಸ್ನೋ ಯೆಹೂದ್ಯರ ಪ್ರಾಯಶ್ಚಿತ್ತ ದಿನದ ಲೆಕ್ಕದಿಂದ ಅಕ್ಟೋಬರ್ 22 ಎಂದು ಗೊತ್ತುಮಾಡಿದರು. ಕೆಲವರು ಬೆಳೆಯನ್ನು ಹೊಲದಲ್ಲೇ ಬಿಟ್ಟು ಕಾದರು. ಆ ದಿನ ಇತಿಹಾಸದಲ್ಲಿ ‘ಮಹಾ ನಿರಾಶೆ’ ಎಂದೇ ಹೆಸರಾಗಿದೆ.

ಕೂಡುವುದು ಕಳೆಯುವುದು ಸರಿಯಾಗಿಯೇ ಇತ್ತು. ತಪ್ಪಿದ್ದು ಲೆಕ್ಕಕ್ಕೆ ಮುಂಚಿನ ಹೆಜ್ಜೆಗಳಲ್ಲಿ. ದಿನವನ್ನು ವರ್ಷ ಮಾಡಿ ಎಂದು ದಾನಿಯೇಲನ ಆ ವಚನ ಹೇಳುವುದಿಲ್ಲ. ಆ ನಿಯಮ ಬೇರೆ ಪುಸ್ತಕಗಳಿಂದ ತಂದದ್ದು. ಆ ಅಧ್ಯಾಯವನ್ನು ಹೆಚ್ಚಿನ ವಿದ್ವಾಂಸರು ಓದುವುದು ಕ್ರಿ.ಪೂ. 167–164ರಲ್ಲಿ ಸಿರಿಯಾದ ಅರಸ ನಾಲ್ಕನೇ ಅಂತಿಯೋಕ ಯೆರೂಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ ಸಂದರ್ಭಕ್ಕೆ. ಒಂದೊಂದು ಹೆಜ್ಜೆಯೂ ಊಹೆಯಾಗಿ, ಕೊನೆಯ ಉತ್ತರ ಮಾತ್ರ ಗಣಿತದ ನಿಖರತೆಯ ವೇಷ ತೊಟ್ಟು ನಿಲ್ಲುತ್ತದೆ. 2011ರಲ್ಲಿ ಅಮೆರಿಕದ ರೇಡಿಯೊ ಪ್ರಸಂಗಿ ಹೆರಾಲ್ಡ್ ಕ್ಯಾಂಪಿಂಗ್ ಮಾಡಿದ್ದೂ ಇದನ್ನೇ. ನೋಹನ ಜಲಪ್ರಳಯ ಕ್ರಿ.ಪೂ. 4990ರಲ್ಲಿ ಎಂದು ಊಹಿಸಿ, ಒಂದು ದಿನ ಸಾವಿರ ವರ್ಷದಂತೆ ಎಂಬ 2 ಪೇತ್ರ 3:8ರಿಂದ ಏಳು ದಿನಕ್ಕೆ 7000 ವರ್ಷ ಸೇರಿಸಿ, ಸೊನ್ನೆ ವರ್ಷದ ಒಂದನ್ನು ಕೂಡಿಸಿ 2011ರ ಮೇ 21 ಎಂದರು. ನಂಬಿದವರು ಉಳಿತಾಯ ಸುರಿದು ಜಾಹೀರಾತು ಫಲಕ ಹಾಕಿಸಿದ್ದರು. ಮರುವರ್ಷ ಕ್ಯಾಂಪಿಂಗ್ ತಮ್ಮದು ತಪ್ಪೆಂದು ಒಪ್ಪಿಕೊಂಡರು. ಆ ಪೇತ್ರನ ವಚನವನ್ನು ಅಲ್ಲಿ ಇಟ್ಟಿರುವುದೇ ದೇವರ ಕಾಲಕ್ಕೆ ನಮ್ಮ ಅಳತೆಗೋಲು ಹಿಡಿಯುವುದಿಲ್ಲ ಎಂದು ತೋರಿಸಲು.

1844ರ ನಿರಾಶೆಯಿಂದ ಉಳಿದವರಲ್ಲಿ ಒಂದು ಗುಂಪು ಆ ದಿನ ಏನೋ ನಡೆದದ್ದು ಪರಲೋಕದಲ್ಲಿ ಎಂದು ವಿವರಿಸಿ, 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾಗಿ ಸಂಘಟಿತವಾಯಿತು. ಕರ್ನಾಟಕದಲ್ಲೂ ಇರುವ ಈ ಸಭೆ ಇಂದು ಯಾವ ತಾರೀಖನ್ನೂ ಹೇಳುವುದಿಲ್ಲ.

ಫೋನಿಗೆ ಇಂಥ ಸಂದೇಶ ಬಂದರೆ ನೋಡಬೇಕಾದದ್ದು ಇಷ್ಟು. ದಿನ ಇದೆಯೇ? ಇದ್ದರೆ ಮಾರ್ಕ 13:32ನ್ನು ತೆರೆಯಿರಿ: ಆ ದಿನವೂ ಗಳಿಗೆಯೂ ದೂತರಿಗೂ ಮಗನಿಗೂ ತಿಳಿಯದು, ತಂದೆಗೆ ಮಾತ್ರ. ಕನಸೋ ದರ್ಶನವೋ ಆಧಾರವಾದರೆ, ಅದನ್ನು ಅವರ ಸ್ವಂತ ಸಭೆಯ ಹಿರಿಯರು ಪರೀಕ್ಷಿಸಿದ್ದಾರೆಯೇ ಎಂದು ಕೇಳಿ. ಹಣ ಕಳಿಸಿ, ಕೆಲಸ ಬಿಡಿ, ಆಸ್ತಿ ಮಾರಿ, ಔಷಧಿ ನಿಲ್ಲಿಸಿ ಎಂಬ ಮಾತು ಬಂತೆಂದರೆ ಅಲ್ಲಿಗೆ ಸಾಕು. ತಾರೀಖು ಕಳೆದ ಮೇಲೆ ಹೊಸ ತಾರೀಖು ಕೊಡುವವರನ್ನಂತೂ ನಂಬಲೇಬಾರದು. ಕ್ಯಾಂಪಿಂಗ್ ಕೂಡ ಮೇ ತಿಂಗಳ ನಂತರ ಅಕ್ಟೋಬರ್ 21 ಎಂದಿದ್ದರು.

## ಕಾಯುವುದೂ ಒಂದು ಕೆಲಸ

ಥೆಸಲೊನೀಕದಲ್ಲಿ ಕೆಲವರು ದುಡಿಮೆ ಬಿಟ್ಟು ಕುಳಿತಿದ್ದರು. ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದು ಎಂಬ ಖಾರದ ಮಾತು ಅವರಿಗಾಗಿ ಎರಡನೆಯ ಪತ್ರದಲ್ಲಿ (3:10) ಇದೆ. ಹಾಗಾದರೆ ಕಾಯುವುದು ಹೇಗೆ? ಮತ್ತಾಯನ 25ನೇ ಅಧ್ಯಾಯ ಮೂರು ಚಿತ್ರ ಕೊಡುತ್ತದೆ. ಹತ್ತು ಕನ್ಯೆಯರಲ್ಲಿ ಹತ್ತೂ ಮಂದಿ ನಿದ್ದೆ ಮಾಡಿದರು, ಹತ್ತೂ ಮಂದಿಯ ಬಳಿ ದೀಪವಿತ್ತು. ಐವರ ಬಳಿ ಮಾತ್ರ ಬೇರೆ ಪಾತ್ರೆಯಲ್ಲಿ ಎಣ್ಣೆ ಇತ್ತು. ಮದುಮಗ ತಡಮಾಡಬಹುದು ಎಂಬ ಲೆಕ್ಕ ಇಟ್ಟುಕೊಂಡವರೇ ಜಾಣೆಯರು. ಬೇಗ ಬಂದೇಬಿಡುತ್ತಾನೆ ಎಂದು ಹೊರಟವರ ಎಣ್ಣೆ ಮುಗಿಯಿತು.

ಎರಡನೆಯದು ತಲಾಂತುಗಳ ಸಾಮ್ಯ. ಒಂದು ತಲಾಂತು ಎಂದರೆ ಸುಮಾರು 6000 ದಿನಾರಿ. ಒಂದು ದಿನಾರಿ ಕೂಲಿಯಾಳಿನ ಒಂದು ದಿನದ ಸಂಬಳ. ವರ್ಷಕ್ಕೆ 300 ದಿನ ಕೆಲಸವೆಂದರೂ ಒಂದು ತಲಾಂತು 20 ವರ್ಷದ ದುಡಿಮೆ. ಐದು ತಲಾಂತು ನೂರು ವರ್ಷದ್ದು. ಅಷ್ಟನ್ನು ಆಳುಗಳ ಕೈಗೆ ಒಪ್ಪಿಸಿ ಯಜಮಾನ ದೂರದೇಶಕ್ಕೆ ಹೋದ. ಬಂದ ಮೇಲೆ ಅವನು ಕೇಳಿದ್ದು ನಾನು ಯಾವ ದಿನ ಬರುತ್ತೇನೆಂದು ಕಂಡುಹಿಡಿದಿರಾ ಎಂದಲ್ಲ, ಕೊಟ್ಟದ್ದನ್ನು ಏನು ಮಾಡಿದಿರಿ ಎಂದು. ಮೂರನೆಯ ಚಿತ್ರದಲ್ಲಿ ಪ್ರಶ್ನೆ ಇನ್ನೂ ನೇರ: ಹಸಿದಾಗ ಊಟ, ಬಾಯಾರಿದಾಗ ನೀರು, ಪರದೇಶಿಗೆ ಸೂರು, ಬತ್ತಲೆಗೆ ಬಟ್ಟೆ, ರೋಗಿಗೆ ಆರೈಕೆ, ಸೆರೆಯಲ್ಲಿದ್ದವನಿಗೆ ಭೇಟಿ.

ಸಭೆ ಈ ಕಾಯುವಿಕೆಯನ್ನು ಪಂಚಾಂಗದಲ್ಲೂ ಇಟ್ಟುಕೊಂಡಿದೆ. ಪಶ್ಚಿಮದ ಸಭೆಗಳಲ್ಲಿ ಆಗಮನ ಕಾಲ (ಅಡ್ವೆಂಟ್) ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬೀಳುವ ಭಾನುವಾರ ಶುರು. 2026ರಲ್ಲಿ ನವೆಂಬರ್ 29. ಕ್ರಿಸ್ಮಸ್ಸಿನ ತಯಾರಿ ಎಂದು ತಿಳಿದು ಬಂದವರಿಗೆ ಮೊದಲ ಭಾನುವಾರ ಕಥೋಲಿಕ ಚರ್ಚಿನಲ್ಲಿ ಓದುವ ಸುವಾರ್ತೆ ಆಶ್ಚರ್ಯ ತರಿಸುತ್ತದೆ, ಅದು ಎಚ್ಚರವಾಗಿರಿ ಎಂಬ ಭಾಗ. ಡಿಸೆಂಬರ್ 16ರವರೆಗೆ ಗಮನ ಹೆಚ್ಚಾಗಿ ಮುಂದಿನ ಬರೋಣದ ಮೇಲೆ, 17ರಿಂದ ಬೆತ್ಲೆಹೇಮಿನ ಮೇಲೆ. ಸಿರಿಯನ್ ಸಂಪ್ರದಾಯದವರು ಪೂರ್ವಕ್ಕೆ ಮುಖಮಾಡಿ ಪ್ರಾರ್ಥಿಸುವುದರಲ್ಲಿ ಬರುವವನನ್ನು ಕಾಯುವ ಅರ್ಥ ಇದೆ. ಪ್ರಭುಭೋಜನದಲ್ಲಿ ರೊಟ್ಟಿ ಮುರಿಯುವಾಗ ‘ಆತನು ಬರುವ ತನಕ’ (1 ಕೊರಿಂಥ 11:26) ಎಂಬುದು ಸೇರಿಯೇ ಇದೆ. ಸಿಎಸ್‌ಐ ಆರಾಧನಾ ಕ್ರಮದಲ್ಲಿ ಸಭೆಯೆಲ್ಲ ಒಟ್ಟಾಗಿ ಆತನ ಮರಣವನ್ನು ಸ್ಮರಿಸುತ್ತದೆ, ಪುನರುತ್ಥಾನವನ್ನು ಒಪ್ಪಿಕೊಳ್ಳುತ್ತದೆ, ಎರಡನೆಯ ಬರೋಣಕ್ಕೆ ಕಾದಿದ್ದೇವೆ ಎನ್ನುತ್ತದೆ.

## ಸಮಾಧಿಯ ಬಳಿ

ಹಳೆಯ ಕ್ರೈಸ್ತ ರೂಢಿಯಲ್ಲಿ ಶವವನ್ನು ಪಾದ ಪೂರ್ವಕ್ಕೆ ಬರುವಂತೆ ಮಲಗಿಸುತ್ತಿದ್ದರು. ಎದ್ದು ಕುಳಿತರೆ ಮುಖ ಮೂಡಣಕ್ಕೆ; ಮಿಂಚು ಪೂರ್ವದಿಂದ ಹೊಳೆಯುವಂತೆ ಮನುಷ್ಯಕುಮಾರನ ಬರೋಣ ಎಂಬ ಮತ್ತಾಯ 24:27ರ ನೆನಪಿಗೆ. ಈಗ ಜಾಗದ ಇಕ್ಕಟ್ಟಿನಲ್ಲಿ ದಿಕ್ಕು ನೋಡುವುದು ಎಲ್ಲೆಡೆ ಸಾಧ್ಯವಿಲ್ಲ. ಆದರೆ ಶವಸಂಸ್ಕಾರಗಳಲ್ಲಿ ಥೆಸಲೊನೀಕದವರಿಗೆ ಬರೆದ ಆ ಆರು ವಚನಗಳನ್ನು ಇಂದಿಗೂ ಓದುತ್ತಾರೆ. ಅಲ್ಲಿ ನಿಂತವರ ಪ್ರಶ್ನೆ ಆ ಊರಿನವರು ಕೇಳಿದ್ದೇ. ಓದು ಮುಗಿಯುವುದು 18ನೇ ವಚನಕ್ಕೆ: ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ. ಆಮೇಲೆ ಒಬ್ಬೊಬ್ಬರೇ ಬಗ್ಗಿ ಹಿಡಿಮಣ್ಣು ಹಾಕುತ್ತಾರೆ.